ಚನ್ನಪಟ್ಟಣದಿಂದ ತಂದ ಹನ್ನೊಂದು ಆಟದ ಸಾಮಾನು: ಆರು ತಿಂಗಳಾದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಧಾರಾವಾಹಿ ನೋಡುವವಳು. ಸಂಜೆ ಆರೂವರೆಗೆ ದೇವರಿಗೆ ದೀಪ ಹಚ್ಚಿ ಟಿವಿ ಮುಂದೆ ಕೂತರೆ ಒಂಬತ್ತೂವರೆಗೇ ಏಳುತ್ತಿದ್ದದ್ದು. ನಡುವೆ ಕುಕ್ಕರ್ ಕೂಗಿದರೂ ಜಾಹೀರಾತು ಬರಲಿ ಅಂತ ಕಾಯುತ್ತಿದ್ದೆ. ಹಾಗಾಗಿ ಇದನ್ನು ಓದಿ ಮೊಮ್ಮಕ್ಕಳಿಗೆ ಟಿವಿ ಬಿಡಿಸಿದ ಮಹಾತಾಯಿ ಅಂತ ಯಾರೂ ನನಗೆ ಹಾರ ಹಾಕಲು ಬರಬೇಡಿ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಐದೂವರೆ ವರ್ಷದ ಚಿನ್ನಿ, ಎರಡೂವರೆ ವರ್ಷದ ಗುಂಡ (ಮನೆಯಲ್ಲಿ ಕರೆಯುವ ಹೆಸರು) ನನ್ನ ಜೊತೆ. ಗುಂಡನಿಗೆ ಟಿವಿಯಲ್ಲಿ ಹಾಡು ಬಂದರೆ ಮಾತ್ರ ಬಾಯಿ ತೆರೆಯುತ್ತಿತ್ತು, ನಾನು ಅದೇ ಸಮಯ ನೋಡಿ ಸಾರನ್ನ ತುರುಕುತ್ತಿದ್ದೆ. ಅನ್ನದ ರುಚಿ ಅವನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಬಟ್ಟಲಂತೂ ಖಾಲಿಯಾಗುತ್ತಿತ್ತು. ಕೆಮ್ಮಿಗೆಂದು ಮಕ್ಕಳ ಡಾಕ್ಟರ ಹತ್ತಿರ ಹೋದಾಗ, "ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡ್ತಾನಮ್ಮ?" ಅಂತ ಅವರು ಕೇಳಿದರು. "ಒಂದು ಗಂಟೆ ಇರಬಹುದು" ಅಂದೆ. ಪಕ್ಕದಲ್ಲಿದ್ದ ಚಿನ್ನಿ, "ಅಜ್ಜಿ, ನಿನ್ನ ಸೀರಿಯಲ್ ಲೆಕ್ಕಕ್ಕೇ ಸೇರಿಸಲಿಲ್ಲ" ಅಂದುಬಿಟ್ಟಳು. ಡಾಕ್ಟರು ನಗಲಿಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲೇ ಹೇಳಿದೆಯಂತೆ: ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ಹೆಚ್ಚೆಂದರೆ ದಿನಕ್ಕೆ ಒಂದು ಗಂಟೆ. ನಮ್ಮದು ಲೆಕ್ಕ ಹಾಕಿದರೆ ನಾಲ್ಕೂವರೆ ಆಯಿತು. ನಾನು ನೋಡುವಾಗ ಅವನು ನನ್ನ ತೊಡೆ ಮೇಲೇ ಇರುತ್ತಿದ್ದನಲ್ಲ.

ಆ ಭಾನುವಾರ ಸೊಸೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಿವಿ ಹಾಲಿನಿಂದ ಅವರ ರೂಮಿಗೆ ಹೋಯಿತು, ಅದರ ಮೇಲೆ ಹಳೆಯ ಕಾಟನ್ ಸೀರೆ ಬಿತ್ತು. ಆಟದ ಸಾಮಾನೆಲ್ಲ ನಡುಮನೆಗೆ ಸುರಿದು ನೋಡಿದರೆ ಬ್ಯಾಟರಿ ಸತ್ತ ಕಾರುಗಳೇ ಹದಿನಾಲ್ಕು. ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುವ ಹಸು, ತಲೆ ಇಲ್ಲದ ಎರಡು ಗೊಂಬೆ, ಯಾವುದಕ್ಕೋ ಸೇರಿದ ಚಕ್ರಗಳು. ಮೂರು ಅಕ್ಕಿ ಚೀಲ ತುಂಬಿ ಅಟ್ಟಕ್ಕೆ ಏರಿಸಿದೆವು. ಚಿನ್ನಿಯ ಶನಿವಾರದ ಕೀಬೋರ್ಡ್ ಕ್ಲಾಸೂ ಆ ವಾರದಿಂದ ನಿಂತಿತು. ಅವಳು ಅಳಲಿಲ್ಲ, ಫೀಸು ಕಟ್ಟಿದ್ದ ಮಗ ಮಾತ್ರ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ.

ಮೊದಲ ಮೂರು ದಿನದ ಕಥೆ ಬರೆಯುವುದಿಲ್ಲ. ಗುಂಡ ಊಟಕ್ಕೆ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಕೇಳಿಹೋದರು, ಅಷ್ಟು ಸಾಕು. ನಾಲ್ಕನೆಯ ದಿನ ನನಗೇ ತಡೆಯಲಾಗದೆ, "ಖಾಲಿ ಕೈಯಲ್ಲಿ ಕೂರಿಸಿದರೆ ಮಕ್ಕಳು ಏನು ಮಾಡಬೇಕು? ನಾಳೆ ಚನ್ನಪಟ್ಟಣಕ್ಕೆ ಹೋಗಿಬರ್ತೀನಿ" ಅಂದೆ. ನನ್ನ ಮಗನ ತೊಟ್ಟಿಲಿಗೆ ಕಟ್ಟಿದ್ದ ಗಿಲಕಿ ಅಲ್ಲಿಯದೇ. ನಲವತ್ತು ವರ್ಷವಾಗುತ್ತ ಬಂತು, ಈಗಲೂ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಇದೆ.

ಮೈಸೂರಿನಿಂದ ರೈಲಿನಲ್ಲಿ ಸುಮಾರು 80 ಕಿಲೋಮೀಟರ್. ಕಾರಿನಲ್ಲಿ ಹೋಗುವವರು ಎಚ್ಚರ, 2023ರಲ್ಲಿ ಆದ ಹೊಸ ಹೆದ್ದಾರಿ ಊರನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ, ಮೈಮರೆತರೆ ಗೊಂಬೆ ಊರು ಹಿಂದೆ ಬಿದ್ದಿರುತ್ತದೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳವರು ಮೊದಲು ಹೇಳುವುದು ಇದೇ ದುಃಖ. ಮದ್ದೂರು ವಡೆಯವರದೂ ಅದೇ ಕಥೆ. ರೈಲಿನಲ್ಲಿ ಹೋದರೆ ಆ ವಡೆ ತಾನಾಗಿಯೇ ಕಿಟಕಿ ಹತ್ತಿರ ಬರುತ್ತದೆ, ನಾನು ಎರಡು ತಿಂದೆ.

ಮೊದಲು ಹೊಕ್ಕದ್ದು ಹಳೇ ರಸ್ತೆಯ ಒಂದು ದೊಡ್ಡ ಅಂಗಡಿಗೆ. ಕಣ್ಣು ಕೋರೈಸುವಷ್ಟು ಬಣ್ಣ. ಮುಂದೆ ಮರದ ಕುದುರೆಗಳ ಸಾಲು, ಅದರ ಹಿಂದೆ ನೋಡಿದರೆ ನಮ್ಮ ಅಟ್ಟದಲ್ಲಿದ್ದ ಅದೇ ಪ್ಲಾಸ್ಟಿಕ್ ಕಾರುಗಳು! ಒಂದು ಪುಟ್ಟ ಕುದುರೆಯನ್ನು ₹380 ಕೊಟ್ಟು ತೆಗೆದುಕೊಂಡೆ. ಆ ಕುದುರೆಯ ವಿಷಯ ಮುಂದೆ ಬರುತ್ತದೆ.

ಆಟೋದವನಿಗೆ "ಮಾಡೋ ಜಾಗ ತೋರಿಸಪ್ಪ" ಅಂದಾಗ ಅವನು ಓಣಿಯೊಳಗೆ ಕರೆದುಕೊಂಡು ಹೋದ. ಹೆಂಚಿನ ಮನೆ, ಮುಂದಿನ ಕೋಣೆಯಲ್ಲೇ ಮರ ತಿರುಗಿಸಿ ಕಡೆಯುವ ಲೇತು, ಕಾಲಿಟ್ಟಲ್ಲೆಲ್ಲ ಮರದ ಹೊಟ್ಟು. ನನ್ನ ಮಗನ ವಯಸ್ಸಿನವರೊಬ್ಬರು ಆಲೆ ಮರದ ತುಂಡನ್ನು ಕಡೆಯುತ್ತಿದ್ದರು. ಹಾಲೆ ಮರ ಅಂತಲೂ ಕರೆಯುತ್ತಾರೆ, ಬೆಣ್ಣೆಯ ಬಣ್ಣ, ಗಂಟು ಕಡಿಮೆ, ಉಳಿಗೆ ಸಲೀಸಾಗಿ ಬಗ್ಗುತ್ತದೆ. ಕಡಿದ ಮರವನ್ನು ಎರಡು ಮೂರು ತಿಂಗಳು ಒಣಗಿಸಿಯೇ ಕೈಗೆತ್ತಿಕೊಳ್ಳುವುದಂತೆ, ಹಸಿ ಮರ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ.

ನಾನು ಬಾಯಿ ತೆರೆದುಕೊಂಡು ನೋಡಿದ್ದು ಬಣ್ಣ ಹಾಕುವುದನ್ನು. ಕುಂಚವೂ ಇಲ್ಲ, ಡಬ್ಬಿಯೂ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಗಿರ್ರೆಂದು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಒಣ ಕೇದಗೆ ಗರಿ ಒತ್ತಿದರೆ ಬಣ್ಣ ಎಲ್ಲೆಡೆ ಒಂದೇ ಸಮ ಹರಡಿ ಕನ್ನಡಿ ಹೊಳಪು. ಹಳದಿ ಪಟ್ಟೆ ಎಳೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. "ಎಲ್ಲಾ ಅರಿಶಿನ, ನೀಲಿ ಗಿಡದ್ದೇ ಬಣ್ಣಾನಾ?" ಅಂತ ಕೇಳಿದ್ದಕ್ಕೆ ಅವರು ಸುಳ್ಳು ಹೇಳಲಿಲ್ಲ. "ಬಾಯಿಗೆ ಹಾಕೋ ಮಕ್ಕಳ ಸಾಮಾನಿಗೆ ಮಾತ್ರ ಗಿಡದ ಬಣ್ಣ ಅಮ್ಮಾ. ಶೋಕೇಸಲ್ಲಿ ಇಡೋದಕ್ಕೆ ಅಂಗಡಿ ಬಣ್ಣವನ್ನೇ ಅರಗಿಗೆ ಕಲಸ್ತೀವಿ. ಯಾವುದು ಯಾವುದು ಅಂತ ಕೇಳಿ ತಗೊಳ್ಳಿ." ಆ ಮಾತಿಗೇ ನನ್ನ ಮಿಕ್ಕ ದುಡ್ಡೆಲ್ಲ ಅಲ್ಲೇ ಖರ್ಚಾಯಿತು.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಕಥೆ, ಜಪಾನಿಗೆ ಹೋಗಿ ಕೆಲಸ ಕಲಿತು ಬಂದ ಬಾವಾಸ್ ಮಿಯಾನ್ ಅವರ ಕಥೆ, ಎರಡನ್ನೂ ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಗೊಂಬೆಗೆ ಭೌಗೋಳಿಕ ಸೂಚಿಯ (ಇದು ಈ ಊರಿನದೇ ಅನ್ನುವ ಜಿಐ ಗುರುತು) ಮಾನ್ಯತೆಯೂ ಇದೆ. ಮನೆಗೆ ಬಂದ ಮೇಲೆ ಮಗ ಹಿಂದೆ ಮುಂದೆ ತಿರುಗಿಸಿ, "ಐಎಸ್‌ಐ ಮಾರ್ಕೇ ಇಲ್ವಲ್ಲಮ್ಮ" ಅಂದ. 2021ರ ಜನವರಿಯಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ, ನಿಜ. ಆದರೆ ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಂತ ಗುರುತಿಲ್ಲದ್ದೆಲ್ಲ ಒಳ್ಳೆಯದಾಗುವುದಿಲ್ಲ. ನೀವೇ ನೋಡಿ ತೆಗೆದುಕೊಳ್ಳಬೇಕು.

ಈಗ ಸಾಮಾನಿಗೆ ಬರೋಣ.

ಅಡುಗೆ ಸೆಟ್ಟು, ₹650. ಒಲೆ, ಪಾತ್ರೆ, ಒರಳು, ಬೀಸುವ ಕಲ್ಲು, ಲಟ್ಟಣಿಗೆ, ಲೋಟ ಸೇರಿ ಹನ್ನೆರಡು ಚೂರು. ಹುಡುಗಿಯರಿಗೇ ಅಡುಗೆ ಸೆಟ್ಟು ಯಾಕೆ ಅಂತ ಸೊಸೆ ಗೊಣಗಿದಳು. ಆದರೆ ಅದನ್ನು ವಶಪಡಿಸಿಕೊಂಡವನು ಗುಂಡ. ಬೀಸುವ ಕಲ್ಲಿನಲ್ಲಿ ಏನು ಬೀಸುತ್ತಾನೋ ಗೊತ್ತಿಲ್ಲ, ಗಂಟೆಗಟ್ಟಲೆ ಬೀಸುತ್ತಾನೆ. ಅವನು "ಅಜ್ಜಿ, ಸಾರು" ಅಂತ ಖಾಲಿ ಬಟ್ಟಲು ಕೊಟ್ಟರೆ ನಾನು ಸೊರ್ರೆಂದು ಕುಡಿಯಬೇಕು, ಆಮೇಲೆ ನಾನು ಕೊಟ್ಟದ್ದನ್ನು ಅವನು ತಿನ್ನಬೇಕು, ಇದು ಒಪ್ಪಂದ. ಈಗ ಟಿವಿ ಇಲ್ಲದೆ ಊಟ ನಡೆಯುವುದು ಹೀಗೆ. ಎಲ್ಲ ದಿನವೂ ಅಲ್ಲ.

ಈ ಸೆಟ್ಟಿನ ಒಂದು ತೊಂದರೆ ಹೇಳಲೇಬೇಕು. ಕೆಲವು ಮುಚ್ಚಳ, ಲೋಟ ತೀರಾ ಪುಟ್ಟವು. ನಮ್ಮವರು ಫೋಟೋ ಸ್ಟುಡಿಯೋ ಇಟ್ಟಿದ್ದರು, ಮನೆಯಲ್ಲಿ ಹಳೆಯ ಫಿಲಂ ರೋಲಿನ ಡಬ್ಬಿಗಳು ಇನ್ನೂ ಇವೆ. ಆ ಡಬ್ಬಿಯೊಳಗೆ ಹೋಗುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬಾರದು ಅಂತ ನನ್ನ ಲೆಕ್ಕ. ಹನ್ನೆರಡರಲ್ಲಿ ನಾಲ್ಕು ಡಬ್ಬಿಯೊಳಗೆ ಹೋದವು. ಅವನ್ನು ಚಿನ್ನಿಯ ಪಾಲಿಗೆ ಎತ್ತಿಟ್ಟಿದ್ದೇನೆ.

ಬುಗುರಿ, ಒಂದಕ್ಕೆ ₹30ರಂತೆ ಆರು. ದುಡ್ಡಿಗೆ ಮೋಸವಿಲ್ಲದ್ದು ಅಂದರೆ ಇದು. ದಾರ ಬೇಡ, ಬೆರಳಲ್ಲಿ ತಿರುವಿ ಬಿಟ್ಟರಾಯಿತು. ಒಂದು ಬುಗುರಿ ತಲೆಕೆಳಗಾಗಿ ನಿಂತು ತಿರುಗುತ್ತದೆ, ಮಗ ಆಫೀಸಿನಿಂದ ಬಂದು ಬ್ಯಾಗ್ ಇಳಿಸದೆ ಅದನ್ನೇ ತಿರುಗಿಸುತ್ತ ನಿಂತಿದ್ದನ್ನು ನೋಡಿದ್ದೇನೆ. ರೈಲು, ₹450: ಪರವಾಗಿಲ್ಲ, ಕೊಕ್ಕೆಗಳು ಸಡಿಲ. ಗಿಲಕಿ, ₹120: ಗುಂಡನಿಗೆ ವಯಸ್ಸು ಮೀರಿತ್ತು, ನನ್ನ ಆಸೆಗೆ ತಂದದ್ದು. ಅಳಗುಳಿಮಣೆ, ₹550: ಹುಣಸೆ ಬೀಜ ಮನೆಯದೇ. ಮಕ್ಕಳಿಗಿಂತ ನಾನೂ ಸೊಸೆಯೂ ಹೆಚ್ಚು ಆಡಿದ್ದು, ಧಾರಾವಾಹಿ ಇಲ್ಲದ ಮೊದಲ ವಾರಗಳಲ್ಲಿ ನನ್ನನ್ನು ಕಾಪಾಡಿದ್ದು ಅದೇ. ಅವಳು ಆಟದಲ್ಲಿ ಮೋಸ ಮಾಡುತ್ತಾಳೆ ಅಂತ ಏಳು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

ಮಣಿ ಚೌಕಟ್ಟು, ಲೆಕ್ಕ ಕಲಿಸುವುದು, ₹480. ಓಣಿಯವರು ತುಂಬಾ ಹೊಗಳಿದರು. ಮನೆಯಲ್ಲಿ ಅದರಿಂದ ಯಾರೂ ಒಂದು ಲೆಕ್ಕವನ್ನೂ ಕಲಿಯಲಿಲ್ಲ. ಚಿನ್ನಿ ಅದನ್ನು ಅಡ್ಡ ಮಲಗಿಸಿ, ಹಿಂದೆ ಒಂದು ಪುಸ್ತಕವನ್ನು ತಿದಿಯ ಹಾಗೆ ಅಲ್ಲಾಡಿಸುತ್ತ ಹಾರ್ಮೋನಿಯಂ ನುಡಿಸುತ್ತಾಳೆ. ಕೀಬೋರ್ಡ್ ಕ್ಲಾಸಿನ ಫೀಸು ಪೂರ್ತಿ ವ್ಯರ್ಥವಾಗಲಿಲ್ಲ ಅಂತ ಮಗನನ್ನು ಸಮಾಧಾನ ಮಾಡಿದ್ದೇನೆ.

ಬಳೆ ಜೋಡಿಸುವ ಕಂಬ, ₹350. ದೊಡ್ಡದರಿಂದ ಚಿಕ್ಕದಕ್ಕೆ ಬಳೆ ಏರಿಸುವ ಆಟ. ಆಷಾಢದ ಮಳೆಗೆ ಮರ ಉಬ್ಬಿ ಎರಡು ಬಳೆ ಕಂಬದಲ್ಲೇ ಸಿಕ್ಕಿಕೊಂಡವು. ಬಿಸಿಲು ಬಂದ ಮೇಲೆ ಬಿಡಿಸಿ ಒಳಗೆ ಮೇಣದ ಬತ್ತಿ ಉಜ್ಜಿದೆ, ಈಗ ಸರಿಯಾಗಿದೆ.

ಚಕ್ರದ ಆನೆ, ₹500. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಂದ ಮೂರನೇ ವಾರಕ್ಕೆ ಮುಂದಿನ ಅಚ್ಚು ಕಳಚಿಬಂತು. ಬಿದಿರಿನ ಕಡ್ಡಿ ಸೀಳಿ, ಅಂಟು ಹಾಕಿ ಕೂರಿಸಿದೆ. ಅದು ಕೊರತೆಯೇ, ಐನೂರು ರೂಪಾಯಿಗೆ ಅಚ್ಚು ಗಟ್ಟಿ ಇರಬೇಕಿತ್ತು. ಆದರೆ ಚಕ್ರ ಬಿಚ್ಚಿದ್ದ ಆ ಎರಡು ದಿನದಲ್ಲಿ ಚಿನ್ನಿ ಆನೆಯನ್ನು ಕೈಯಲ್ಲಿ ಹಿಡಿದು ನಡೆಸತೊಡಗಿದಳು. ಮೈಸೂರಿನ ಮಗು, ಆನೆ ನಡೆದರೆ ಅದು ಜಂಬೂ ಸವಾರಿಯೇ. ಆನೆಗೆ ಅಭಿಮನ್ಯು ಅಂತ ಹೆಸರಾಯಿತು. ಅಡುಗೆ ಸೆಟ್ಟಿನ ಹಳದಿ ಮುಚ್ಚಳ ಅಂಬಾರಿ. ನಿಜವಾದ ಅಂಬಾರಿ 750 ಕಿಲೋ ಅಂತ ಅವಳಿಗೆ ಅವರಪ್ಪ ಹೇಳಿದ್ದ, ಹಾಗಾಗಿ ಮುಚ್ಚಳ ಎತ್ತುವಾಗ ಇಬ್ಬರೂ "ಐಸಾ" ಅಂತ ಉಸಿರು ಬಿಗಿಹಿಡಿಯುತ್ತಾರೆ. ದೇವರ ಮನೆ ಅರಮನೆ, ಬಚ್ಚಲು ಬನ್ನಿಮಂಟಪ. ನಡುವೆ ಉದ್ದಕ್ಕೂ ಮರದ ಇಟ್ಟಿಗೆ ಚೂರುಗಳನ್ನು ನಿಲ್ಲಿಸಿ ಜನಜಂಗುಳಿ. ಗುಂಡ ಪೊಲೀಸ್ ಬ್ಯಾಂಡು, ಸ್ಟೀಲ್ ತಟ್ಟೆ, ಸೌಟು. ಇದು ಒಂದು ಮಧ್ಯಾಹ್ನದ ಆಟವಲ್ಲ, ಹನ್ನೊಂದು ದಿನ ನಡೆಯಿತು. ಪ್ರತಿ ದಿನವೂ ಒಂದೊಂದು ತೊಂದರೆ: ಒಂದು ದಿನ ಆನೆಗೆ ಜ್ವರ, ಇನ್ನೊಂದು ದಿನ ಮಳೆ, ಮತ್ತೊಂದು ದಿನ ಮಹಾರಾಜರಿಗೆ ಆನ್‌ಲೈನ್ ಮೀಟಿಂಗು. ಸ್ನಾನಕ್ಕೆ ಹೋಗಬೇಕಾದರೆ ಬನ್ನಿಮಂಟಪದವರ ಅನುಮತಿ ಕೇಳಬೇಕಿತ್ತು.

ನಾನು ಸೋಫಾದಲ್ಲಿ ಕೂತು ಕಾಳು ಆರಿಸುತ್ತ ಇದನ್ನೆಲ್ಲ ನೋಡುತ್ತಿದ್ದೆ. ನಾಳೆ ಏನಾಗುತ್ತದೋ ಎಂಬ ಕುತೂಹಲಕ್ಕೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತಿತ್ತು. ಧಾರಾವಾಹಿಯಲ್ಲೂ ನನಗೆ ಬೇಕಿದ್ದದ್ದು ಇಷ್ಟೇ ತಾನೆ.

ಈಗ ಮೇಲೆ ಹೇಳಿದ ಇಟ್ಟಿಗೆ ಚೂರುಗಳು. ಒಂದು ಬಟ್ಟೆ ಚೀಲದಲ್ಲಿ ಮೂವತ್ತು, ₹700. ಬಣ್ಣ ಇರುವುದು ಅರ್ಧಕ್ಕೆ ಮಾತ್ರ, ಉಳಿದವು ಬರೀ ಮರ. ನೋಡಲು ಏನೂ ಚೆನ್ನಾಗಿಲ್ಲ, ಓಣಿಯವರು ಮೂಲೆಗೆ ಎಸೆದಿದ್ದರು. ಆರು ತಿಂಗಳಲ್ಲಿ ಒಂದು ದಿನವೂ ಇವು ಚೀಲದೊಳಗೆ ಸುಮ್ಮನೆ ಕೂತಿಲ್ಲ. ಸಬ್ಬಕ್ಕಿ ಮೂಟೆ, ಮೊಬೈಲು, ಬೆಣ್ಣೆ, ಸಿಟಿ ಬಸ್ಸಿನ ಸೀಟು, ಎಲ್ಲವೂ ಆಗಿವೆ. ಒಂದೇ ಒಂದು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಹಾಡುವ ಆ ಹಸು ಹಸುವಿನ ಹೊರತು ಇನ್ನೇನೂ ಆಗಲು ಒಪ್ಪಿರಲಿಲ್ಲ.

ಆಮೇಲೆ ಗೂಟದಂಥ ಆರು ಗೊಂಬೆಗಳು, ₹420. ಕೈಯಿಲ್ಲ, ಕಾಲಿಲ್ಲ, ಮುಖವೆಂದರೆ ಎರಡು ಚುಕ್ಕೆ. ಇದೆಂಥ ಗೊಂಬೆ, ಮೂಗಾದರೂ ಬೇಡವೇ ಅಂತ ನಾನೇ ಚೌಕಾಸಿ ಮಾಡಿದ್ದೆ. ಚಿನ್ನಿ ಅರ್ಧ ಗಂಟೆಯಲ್ಲಿ ಆರಕ್ಕೂ ಹೆಸರಿಟ್ಟಳು: ಅಪ್ಪ, ಅಮ್ಮ, ಅಜ್ಜಿ, ಹಾಲಿನವರು, ಮಿಸ್ಸು, ಕರೆಂಟ್ ಬಿಲ್ಲಿನವನು. ನಗುವ ಮುಖ ಬರೆದಿದ್ದರೆ ಅವರು ಯಾವಾಗಲೂ ನಗುತ್ತಲೇ ಇರಬೇಕಿತ್ತು. ಎರಡು ಚುಕ್ಕೆಯವರು ಅಳಲೂಬಹುದು, ಬೈಯಲೂಬಹುದು. ಅಜ್ಜಿ ಗೊಂಬೆ ತುಂಬಾ ಬೈಯುತ್ತಾಳೆ. ಸರಿ, ಕೇಳಿಸಿಕೊಂಡೆ.

ಉಳಿದದ್ದು ಆ ಕುದುರೆ. ಎರಡನೇ ವಾರ ಗುಂಡನ ತುಟಿಯೆಲ್ಲ ಕೆಂಪಾಗಿತ್ತು, ಎದೆ ಧಸಕ್ಕೆಂದಿತು. ನೋಡಿದರೆ ಕುದುರೆಯ ಕಿವಿಯ ಬಣ್ಣ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆಗೂ ಹತ್ತಿತು. ಅದಕ್ಕೆ ಅರಗಿನ ಗಂಧವೇ ಇರಲಿಲ್ಲ, ಮೇಲೆ ಬಳಿದ ಬಣ್ಣ. ಲೇತಿನ ಮೇಲೆ ಅರಗು ಹಾಕಿದ ಸಾಮಾನೆಲ್ಲ ದುಂಡಗೇ ಇರುತ್ತದೆ ಅನ್ನುವುದು ಆಮೇಲೆ ಹೊಳೆಯಿತು, ಚಪ್ಪಟೆ ಹಲಗೆಯಲ್ಲಿ ಕೊರೆದ ಕುದುರೆಗೆ ಲೇತಿನಲ್ಲಿ ಬಣ್ಣ ಹಾಕುವುದು ಹೇಗೆ? ಅಂಗಡಿಗೆ ಹೋಗುವಾಗ ಒದ್ದೆ ಕರ್ಚೀಫು ಒಯ್ಯಿರಿ, ನಾಚಿಕೊಳ್ಳದೆ ಅಲ್ಲೇ ಉಜ್ಜಿ ನೋಡಿ. ಕುದುರೆ ಈಗ ಅಟ್ಟದಲ್ಲಿ ಹಾಡುವ ಹಸುವಿನ ಜೊತೆಗಿದೆ.

ಇನ್ನೊಂದು ತಪ್ಪು ನಮ್ಮದೇ. ಗುಂಡನಿಗೆ ನೆಗಡಿಯಾದಾಗ ಮಗ ಎಲ್ಲ ಸಾಮಾನನ್ನೂ ಸ್ಯಾನಿಟೈಸರ್ ಹಾಕಿ ಒರೆಸಿದ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಸ್ಯಾನಿಟೈಸರ್ ಅಂದರೆ ಬಹುಪಾಲು ಅದೇ. ಎರಡು ಬುಗುರಿ, ಒಂದು ಬಳೆ ಅಂಟಂಟಾಗಿ ಹೊಳಪು ಕಳೆದುಕೊಂಡವು, ಮೇಲೆ ಅವನ ಬೆರಳಚ್ಚು ಕೂಡ ಮೂಡಿದೆ. ಬಿಸಿನೀರಿಗೂ ಹಾಕಬೇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸುತ್ತೇನೆ, ತಿಂಗಳಿಗೊಮ್ಮೆ ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ.

ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಈ ಗೊಂಬೆ ಸಿಗುತ್ತದೆ. ಓಣಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಅನ್ನಿಸಿತು, ಚೌಕಾಸಿಯೂ ನಡೆಯುವುದಿಲ್ಲ.

ಟಿವಿ ವಿಷಯ ಪೂರ್ತಿ ಹೇಳದಿದ್ದರೆ ಮೋಸವಾಗುತ್ತದೆ. ಅದು ಮನೆಯಿಂದ ಹೋಗಿಲ್ಲ. ಭಾನುವಾರ ಸಂಜೆ ಸೀರೆ ಸರಿಸಿ ಎಲ್ಲರೂ ಒಂದು ಗಂಟೆ ನೋಡುತ್ತೇವೆ. ಕ್ರಿಕೆಟ್ ಇದ್ದ ದಿನ ಮಗ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ನೋಡುತ್ತಾನೆ, ನಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ. ನನಗೆ ಸಂಜೆಗೆ ರೇಡಿಯೋ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಆಕಾಶವಾಣಿ ಅನ್ನುವ ರೇಡಿಯೋ ಕೇಂದ್ರ ಶುರುಮಾಡಿದ ಊರಿನವಳು ಇಷ್ಟು ವರ್ಷ ಅದನ್ನು ಮರೆತೇಬಿಟ್ಟಿದ್ದೆ. ಕೇಳುತ್ತಲೇ ಕೈಕೆಲಸ ಆಗುತ್ತದೆ. ಆ ಧಾರಾವಾಹಿಯಲ್ಲಿ ದೊಡ್ಡ ಸೊಸೆಗೆ ಆಸ್ತಿ ಪತ್ರ ಸಿಕ್ಕಿತೋ ಇಲ್ಲವೋ ಇವತ್ತಿಗೂ ತಿಳಿಯದು, ತಿಳಿದವರು ಬರೆಯಿರಿ.

ಒಟ್ಟು ಖರ್ಚು ₹4,780, ರೈಲು, ಆಟೋ, ವಡೆ ಬೇರೆ. ಅಂಕ ಕೊಡುವುದಾದರೆ ಓಣಿಯವರಿಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಡಿದದ್ದು ಆನೆಯ ಅಚ್ಚಿಗೆ. ರಸ್ತೆಯ ಅಂಗಡಿಗೆ ಒಂದು, ಅದೂ ಕುಡಿಯಲು ನೀರು ಕೊಟ್ಟರಲ್ಲ ಅಂತ.

ಹೋದ ವಾರ ಒಂದು ಗೂಟದ ಗೊಂಬೆ ಕಳೆದುಹೋಯಿತು. ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ತುಳಸಿ ಕಟ್ಟೆಯ ಹತ್ತಿರ ಹುಡುಕಿದೆವು. ಚಿನ್ನಿ ಊಟ ಬಿಟ್ಟಳು. ಬೇರೆ ಐದು ಇವೆಯಲ್ಲೇ ಅಂದರೆ, "ಅವರಿಗೆಲ್ಲ ಕೆಲಸ ಇದೆ ಅಜ್ಜಿ" ಅಂದಳು. ಓಣಿಯವರಿಗೆ ಫೋನ್ ಮಾಡಿ, ಬಿಡಿಯಾಗಿ ಒಂದು ಸಿಗುತ್ತದಾ ಅಂತ ಕೇಳಿದೆ. "ಬಿಡಿ ಮಾರಲ್ಲಮ್ಮ, ಆದ್ರೆ ಬನ್ನಿ, ಕಡೆದುಕೊಡ್ತೀನಿ. ಯಾವುದು ಹೋಗಿದ್ದು?" ಅಂದರು. ಬಣ್ಣ ಹೇಳಬೇಕಿತ್ತು, ನನ್ನ ಬಾಯಿಂದ ಬಂದದ್ದು, "ಕರೆಂಟ್ ಬಿಲ್ಲಿನವನು."

ಆ ಕಡೆ ಒಂದು ಕ್ಷಣ ಲೇತಿನ ಸದ್ದು ಮಾತ್ರ. ಆಮೇಲೆ ಕೇಳಿದರು, "ನೀಲಿ ಹಾಕಲಾ?"